ಮನೆಯ ಗಿಡದ ಎಲೆ ಹಳದಿಯಾಯಿತೇ? ಗೊಬ್ಬರ ಹಾಕುವ ಮುನ್ನ ಗಿಡವನ್ನು ನೋಡಿ

ಅಂಗಳದಲ್ಲಿ ತುಳಸಿ, ದಾಸವಾಳ, ಹಿತ್ತಲಲ್ಲಿ ಕರಿಬೇವು, ನಿಂಬೆ, ಮಲ್ಲಿಗೆ ಇಲ್ಲದ ರೈತನ ಮನೆ ನಮ್ಮಲ್ಲಿ ಅಪರೂಪ. ಹೊಲದ ಬೆಳೆಗೆ ಮಣ್ಣು ಪರೀಕ್ಷೆ ಮಾಡಿಸಿ ಲೆಕ್ಕ ಹಾಕಿ ಗೊಬ್ಬರ ಕೊಡುವ ರೈತರೂ ಮನೆಯ ಗಿಡದ ಎಲೆ ಹಳದಿಯಾಯಿತೆಂದರೆ ಹಿಂದೆ ಮುಂದೆ ನೋಡದೆ ಒಂದು ಹಿಡಿ ಯೂರಿಯಾ ಹಾಕಿಬಿಡುತ್ತಾರೆ. ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಏಕೆಂದರೆ ನಾನೂ ಅದೇ ತಪ್ಪನ್ನು ಮಾಡಿದ್ದೇನೆ.

ನಮ್ಮ ತಾಯಿಯವರು ತಮ್ಮ ತವರೂರಿನಿಂದ ಕೆಂಪು ದಾಸವಾಳದ ಒಂದು ಕಡ್ಡಿಯನ್ನು ತಂದು, ಹಳೆಯ ಎಣ್ಣೆ ಡಬ್ಬಿಯಲ್ಲಿ ನೆಟ್ಟು ಬೆಳೆಸಿದ್ದರು. ದೇವರ ಪೂಜೆಗೆ ದಿನವೂ ಅದರದೇ ಹೂವು. 2019ರ ಆಗಸ್ಟ್ ತಿಂಗಳಲ್ಲಿ ಧಾರವಾಡದ ಕಡೆ ಮಳೆ ಬಿಡದೆ ಸುರಿದಾಗ ಗಿಡದ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗತೊಡಗಿದವು. "ನೀರಿಗೇನೂ ಕಡಿಮಿ ಇಲ್ಲ, ಮತ್ತ್ಯಾಕ ಹಿಂಗಾತು?" ಎಂದು ತಾಯಿಯವರು ಕೇಳಿದರು. ಉತ್ತರ ಅವರ ಮಾತಿನಲ್ಲೇ ಇತ್ತು. ಆದರೆ ಕೆಳಗಿನ ಎಲೆ ಹಳದಿಯಾದರೆ ಸಾರಜನಕದ ಕೊರತೆ ಎಂಬ ಪಾಠವಷ್ಟೇ ನನ್ನ ತಲೆಯಲ್ಲಿತ್ತು. ಒಂದು ಹಿಡಿ ಯೂರಿಯಾ ಹಾಕಿದೆ. ವಾರದೊಳಗೆ ಎಲೆಗಳೆಲ್ಲ ಉದುರಿದವು. ಡಬ್ಬಿಯನ್ನು ಬೋರಲು ಹಾಕಿ ನೋಡಿದಾಗ ತಳದ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು. ಸೂರಿನ ನೀರೆಲ್ಲ ಒಳಗೇ ನಿಂತು ಬೇರು ಕಂದಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬರುತ್ತಿತ್ತು. ಉಸಿರು ಕಟ್ಟಿದ್ದ ಗಿಡಕ್ಕೆ ನಾನು ಉಪ್ಪು ಉಣಿಸಿದ್ದೆ.

ಇನ್ನೂ ಹಸಿರಾಗಿದ್ದ ಎರಡು ಕಡ್ಡಿಗಳನ್ನು ಕತ್ತರಿಸಿ ಮರಳಿನಲ್ಲಿ ನೆಟ್ಟೆವು. ಒಂದು ಸತ್ತಿತು, ಒಂದು ಬದುಕಿತು. ಆ ಗಿಡದಿಂದ ಕಲಿತದ್ದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ಹಳದಿ ಬಣ್ಣವು ಜ್ವರವಿದ್ದಂತೆ. ಅದು ರೋಗವಲ್ಲ, ರೋಗದ ಲಕ್ಷಣ ಮಾತ್ರ. ಕಾರಣ ತಿಳಿಯದೆ ಕೊಟ್ಟ ಮದ್ದು ಕೆಲವೊಮ್ಮೆ ರೋಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಎಲೆ ಏಕೆ ಹಳದಿಯಾಗುತ್ತದೆ?

ಎಲೆಯ ಹಸಿರಿಗೆ ಪತ್ರಹರಿತ್ತು ಕಾರಣ. ಪತ್ರಹರಿತ್ತಿನ ಒಂದೊಂದು ಅಣುವಿನ ನಡುವೆ 1 ಮೆಗ್ನೀಸಿಯಂ ಪರಮಾಣು, ಅದರ ಸುತ್ತ 4 ಸಾರಜನಕದ ಪರಮಾಣುಗಳು ಇರುತ್ತವೆ. ಕಬ್ಬಿಣವು ಈ ಅಣುವಿನೊಳಗೆ ಇಲ್ಲದಿದ್ದರೂ ಅದು ತಯಾರಾಗಲು ಕಬ್ಬಿಣ ಬೇಕೇ ಬೇಕು. ಇವುಗಳಲ್ಲಿ ಯಾವುದು ಕಡಿಮೆಯಾದರೂ ಹಸಿರು ಮಾಸಿ, ಎಲೆಯಲ್ಲಿ ಮೊದಲೇ ಇರುವ ಹಳದಿ ಬಣ್ಣ ಎದ್ದು ಕಾಣುತ್ತದೆ. ಆದರೆ ಪೋಷಕಾಂಶ ಮಣ್ಣಿನಲ್ಲಿ ಇಲ್ಲದಿರುವುದು ಬೇರೆ, ಇದ್ದೂ ಬೇರಿಗೆ ದಕ್ಕದಿರುವುದು ಬೇರೆ. ಮನೆಯ ಗಿಡಗಳಲ್ಲಿ ಎರಡನೆಯದೇ ಹೆಚ್ಚಾಗಿ ಕಂಡುಬರುತ್ತದೆ.

ಮೊದಲ ಪರೀಕ್ಷೆ: ಮಣ್ಣು ಮತ್ತು ಬೇರು

ಮೊದಲು ಮಣ್ಣಿನೊಳಗೆ 2 ಇಂಚು ಆಳದವರೆಗೆ ಬೆರಳು ಇಳಿಸಿ ನೋಡಿ. ನೀರು ಹಾಕಿ ಎರಡು ಮೂರು ದಿನವಾದರೂ ಮಣ್ಣು ಕೆಸರಿನಂತೆ ಅಂಟಿಕೊಂಡರೆ ಬೇರಿಗೆ ಗಾಳಿ ಸಿಗುತ್ತಿಲ್ಲವೆಂದು ತಿಳಿಯಬೇಕು. ಬೇರಿಗೂ ಉಸಿರಾಟವಿದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಆಮ್ಲಜನಕ ಸಿಗದೆ ಬೇರು ಕೆಲಸ ನಿಲ್ಲಿಸುತ್ತದೆ. ನಂತರ ಶಿಲೀಂಧ್ರಗಳು ಸೇರಿ ಬೇರನ್ನು ಕೊಳೆಸುತ್ತವೆ. ಇಂತಹ ಗಿಡ ನೀರಿನಲ್ಲೇ ನಿಂತಿದ್ದರೂ ಬಾಡಿದಂತೆ ಕಾಣುತ್ತದೆ. ಅದನ್ನು ಕಂಡು ಇನ್ನಷ್ಟು ನೀರು ಹಾಕುವುದೇ ಅನೇಕರು ಮಾಡುವ ತಪ್ಪು.

ಅನುಮಾನವಿದ್ದರೆ ಕುಂಡವನ್ನು ಓರೆ ಮಾಡಿ ಮಣ್ಣಿನ ಗಡ್ಡೆಯನ್ನು ಮೆಲ್ಲಗೆ ಹೊರತೆಗೆಯಿರಿ. ಆರೋಗ್ಯದ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಬರುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ, 2 ಪಾಲು ಕೆಂಪು ಮಣ್ಣು, 1 ಪಾಲು ಮರಳು, 1 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಮಿಶ್ರಣದಲ್ಲಿ ಮತ್ತೆ ನೆಡಬೇಕು. ತಳದ ತೂತಿನ ಮೇಲೆ ಹೆಂಚಿನ ಚೂರನ್ನು ಬೋರಲಾಗಿ ಇಡಬೇಕು. ಹೊಸ ಚಿಗುರು ಬರುವವರೆಗೆ ಯಾವ ರಾಸಾಯನಿಕ ಗೊಬ್ಬರವನ್ನೂ ಕೊಡಕೂಡದು.

ಇದಕ್ಕೆ ವಿರುದ್ಧವಾಗಿ ಮಣ್ಣು ಒಣಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿದ್ದರೆ ನೀರಿನ ಕೊರತೆಯೇ ಕಾರಣ. ಕುಂಡದ ಹೊರಮೈ ಮೇಲೆ ಬಿಳಿ ಉಪ್ಪು ಕಟ್ಟಿ, ಎಲೆಯ ಅಂಚು ಸುಟ್ಟಂತಿದ್ದರೆ ಗೊಬ್ಬರ ಅಥವಾ ಸವಳು ನೀರು ಹೆಚ್ಚಾಗಿದೆ. ಆಗ ಒಳ್ಳೆಯ ನೀರನ್ನು ತಳದಿಂದ ಹರಿದುಹೋಗುವಂತೆ ಧಾರಾಳವಾಗಿ ಹಾಕಿ ಉಪ್ಪನ್ನು ಬಸಿಯಬೇಕು.

ಎರಡನೆಯ ಪರೀಕ್ಷೆ: ಹಳೆಯ ಎಲೆಯೋ, ಚಿಗುರೋ?

ಮಣ್ಣು, ಬೇರು ಸರಿಯಾಗಿದ್ದರೆ ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಹಳದಿಯಾದದ್ದು ಯಾವ ಎಲೆ? ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಇವು ಗಿಡದೊಳಗೆ ಸುಲಭವಾಗಿ ಚಲಿಸುತ್ತವೆ. ಕೊರತೆ ಬಂದಾಗ ಗಿಡವು ಹಳೆಯ ಎಲೆಗಳಿಂದ ಇವನ್ನು ತೆಗೆದು ಚಿಗುರಿಗೆ ಉಣಿಸುತ್ತದೆ. ಮನೆಯ ಹಿರಿಯರು ತಾವು ಉಪವಾಸವಿದ್ದು ಮಕ್ಕಳಿಗೆ ಉಣಿಸಿದಂತೆ. ಆದ್ದರಿಂದ ಲಕ್ಷಣ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಕಬ್ಬಿಣ ಹೀಗೆ ಚಲಿಸುವುದಿಲ್ಲ. ಗಂಧಕ, ಸತು, ಮ್ಯಾಂಗನೀಸ್ ಚಲಿಸುವುದೂ ಕಡಿಮೆ. ಇವುಗಳ ಕೊರತೆ ಎಳೆಯ ಎಲೆಗಳಲ್ಲಿ ಕಾಣುತ್ತದೆ.

ಹಳೆಯ ಎಲೆಗಳು ಹಳದಿಯಾಗಿದ್ದರೆ

ಕೆಳಗಿನ ಎಲೆ ನರಸಹಿತ ಒಂದೇ ಸಮನೆ ಹಳದಿಯಾಗಿ, ಗಿಡದ ಬೆಳವಣಿಗೆ ಕುಂಠಿತವಾಗಿದ್ದರೆ ಸಾರಜನಕದ ಕೊರತೆ. ವರ್ಷಗಟ್ಟಲೆ ಮಣ್ಣು ಬದಲಿಸದ ಕುಂಡಗಳಲ್ಲಿ ಇದು ಸಾಮಾನ್ಯ. ಮೇಲಿನ ಮಣ್ಣನ್ನು 2 ಇಂಚು ತೆಗೆದು ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ತುಂಬಿದರೆ ಸಾಕು. ಯೂರಿಯಾ ಕೊಡಲೇಬೇಕೆಂದಿದ್ದರೆ ಹಿಡಿಯ ಲೆಕ್ಕ ಬೇಡ. 1 ಲೀಟರ್ ನೀರಿಗೆ 2ರಿಂದ 3 ಗ್ರಾಂ ಕರಗಿಸಿ, 1 ಅಡಿ ಅಗಲದ ಕುಂಡಕ್ಕೆ ಅರ್ಧ ಲೀಟರಿನಂತೆ, ಹಸಿ ಮಣ್ಣಿಗೆ 15 ದಿನಕ್ಕೊಮ್ಮೆ ಕೊಡಬಹುದು.

ಹಳೆಯ ಎಲೆಯ ಅಂಚು ಮಾತ್ರ ಹಳದಿಯಾಗಿ ಒಣಗುತ್ತಾ ಬಂದರೆ ಪೊಟ್ಯಾಷ್ ಕೊರತೆಯನ್ನು ಶಂಕಿಸಬೇಕು. ನಿಂಬೆಯ ಹಳೆಯ ಎಲೆಯಲ್ಲಿ ತೊಟ್ಟಿನ ಬಳಿ ಹಸಿರು ತ್ರಿಕೋನವೊಂದು ಉಳಿದು ಮಿಕ್ಕ ಭಾಗ ಹಳದಿಯಾದರೆ ಅದು ಮೆಗ್ನೀಸಿಯಂ ಕೊರತೆ. 1 ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿ ಎಲೆಗಳಿಗೆ ಸಿಂಪಡಿಸಬೇಕು.

ಚಿಗುರು ಹಳದಿಯಾಗಿದ್ದರೆ

ಇಲ್ಲಿ ನಮ್ಮ ಕಪ್ಪು ಮಣ್ಣಿನ ರೈತರು ವಿಶೇಷ ಗಮನ ಕೊಡಬೇಕು. ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಉಳಿದು, ಮುಂದೆ ಎಲೆಯೇ ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ, ಸುಣ್ಣದ ಅಂಶ ಮತ್ತು ರಸಸಾರ ಹೆಚ್ಚಿರುವಲ್ಲಿ ಅದು ನೀರಿನಲ್ಲಿ ಕರಗದ ರೂಪಕ್ಕೆ ಹೋಗುತ್ತದೆ. ಗಡಸು ಬೋರ್ ನೀರು ಹಾಗೂ ಅತಿಯಾದ ತೇವ ಇದನ್ನು ಹೆಚ್ಚಿಸುತ್ತವೆ.

ಒಮ್ಮೆ ರೈತರೊಬ್ಬರು ತಮ್ಮ ಹಿತ್ತಲ ನಿಂಬೆಯ ಎಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನನ್ನ ಬಳಿ ಬಂದಿದ್ದರು. ಮೂರು ಬಾರಿ ಯೂರಿಯಾ ಕೊಟ್ಟಿದ್ದರೂ ಚಿಗುರು ಹಳದಿಯಾಗಿಯೇ ಬರುತ್ತಿತ್ತು. ಗಿಡದ ಬುಡದ ಮಣ್ಣಿನಲ್ಲಿ ಸುಣ್ಣದ ಹರಳು ಇವೆಯೇ ಎಂದು ಕೇಳಿದೆ. "ಕೈ ಹಾಕಿದಲ್ಲೆಲ್ಲ ಅದಾವ್ರಿ" ಎಂದರು. ಆದರೂ ನೇರವಾಗಿ ಇಡೀ ಗಿಡಕ್ಕೆ ಮದ್ದು ಹೇಳದೆ, ಗಿಡವನ್ನೇ ಕೇಳಿ ನೋಡೋಣವೆಂದೆ.

ಈ ವಿಧಾನವನ್ನು ಯಾರು ಬೇಕಾದರೂ ಮಾಡಬಹುದು. 1 ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಒಂದೇ ಒಂದು ಕೊಂಬೆಯ ಚಿಗುರಿಗೆ ಸಂಜೆ ಹೊತ್ತು ಲೇಪಿಸಿ, ಆ ಕೊಂಬೆಗೆ ದಾರ ಕಟ್ಟಿ ಗುರುತು ಮಾಡಬೇಕು. 7ರಿಂದ 10 ದಿನಗಳಲ್ಲಿ ಲೇಪಿಸಿದ ಕಡೆ ಹಸಿರು ಮೂಡಿದರೆ ಕಬ್ಬಿಣದ ಕೊರತೆ ಖಚಿತ. ಅಷ್ಟರಲ್ಲಿ ಎಲೆ ಸುಡುತ್ತದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಕಬ್ಬಿಣದ ಲವಣವನ್ನು ಎಲೆಗೆ ಹಚ್ಚಿ ಹಸಿರು ಮರಳಿಸಬಹುದೆಂದು ಫ್ರಾನ್ಸ್ ದೇಶದ ಯೂಸೆಬ್ ಗ್ರಿ ಎಂಬವರು 1840ರ ದಶಕದಲ್ಲೇ ತೋರಿಸಿದ್ದರು. ನಮ್ಮ ರೈತರ ನಿಂಬೆಯೂ ಅದೇ ಉತ್ತರ ಕೊಟ್ಟಿತು. ಅನಂತರ ಇಡೀ ಗಿಡಕ್ಕೆ 10 ದಿನಗಳ ಅಂತರದಲ್ಲಿ ಸಿಂಪಡಿಸಲು ತಿಳಿಸಿದೆ.

ಅನ್ನಭೇದಿ ತಿಳಿಹಸಿರು ಹರಳಿನಂತಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಲಸಕ್ಕೆ ಬಾರದು. ದ್ರಾವಣವನ್ನು ಅಂದೇ ತಯಾರಿಸಿ ಅಂದೇ ಬಳಸಬೇಕು. ಸುಣ್ಣದ ಮಣ್ಣಿಗೆ ಅನ್ನಭೇದಿಯನ್ನು ನೇರವಾಗಿ ಹಾಕಿದರೆ ಅದೂ ಬೇಗ ಕರಗದ ರೂಪಕ್ಕೆ ಹೋಗುವುದರಿಂದ ಸಿಂಪರಣೆಯೇ ಮೇಲು. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ಕೀಲೇಟ್ ರೂಪದ ಕಬ್ಬಿಣ ಸೂಕ್ತ, ಆದರೆ ಬೆಲೆ ಹೆಚ್ಚು.

ನಿಂಬೆಯ ಹೊಸ ಎಲೆಗಳು ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆಗಳಾಗಿ, ಗೊಂಚಲಿನಂತೆ ಒತ್ತೊತ್ತಾಗಿ ಬಂದರೆ ಸತುವಿನ ಕೊರತೆ. 1 ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಹಾಗೂ 2.5 ಗ್ರಾಂ ಸುಣ್ಣ ಬೆರೆಸಿ, ಸೋಸಿ ಸಿಂಪಡಿಸಬೇಕು. ಚಿಗುರು ನರಸಹಿತ ಒಂದೇ ಸಮನೆ ತಿಳಿಹಳದಿಯಾಗಿದ್ದರೆ ಗಂಧಕದ ಕೊರತೆಯಿರಬಹುದು.

ಎಲೆಯ ಅಡಿಭಾಗವನ್ನು ಮರೆಯಬೇಡಿ

ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳಿದ್ದರೆ ಎಲೆ ಮಗುಚಿ ನೋಡಿ. ಅಡಿಯಲ್ಲಿ ನವಿರಾದ ಬಲೆ ಇದ್ದರೆ ನುಸಿ, ಹತ್ತಿಯಂತಹ ಬಿಳಿ ಗಂಟುಗಳಿದ್ದರೆ ಹಿಟ್ಟು ತಿಗಣೆ. ಎಲೆಯ ಅಡಿಗೆ ಜೋರಾಗಿ ನೀರು ಚಿಮುಕಿಸಿ ತೊಳೆದು, 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಬೆರೆಸಿ ಸಂಜೆ ಸಿಂಪಡಿಸಬೇಕು.

ಹಿತ್ತಲ ಬೆಂಡೆಯಲ್ಲಿ ಇನ್ನೊಂದು ಬಗೆಯ ಹಳದಿ ಕಾಣುತ್ತದೆ. ಕಬ್ಬಿಣದ ಕೊರತೆಯಲ್ಲಿ ನರ ಹಸಿರಾಗಿದ್ದರೆ ಇಲ್ಲಿ ನರವೇ ಹಳದಿಯಾಗುತ್ತದೆ. ಇದು ಬಿಳಿ ನೊಣದಿಂದ ಹರಡುವ ನಂಜು ರೋಗ. ಇದಕ್ಕೆ ಯಾವ ಗೊಬ್ಬರವೂ ಮದ್ದಲ್ಲ. ಗಿಡವನ್ನು ಕಂಡ ಕೂಡಲೇ ಕಿತ್ತು ನಾಶಪಡಿಸಬೇಕು.

ಚಿಂತೆ ಬೇಡದ ಹಳದಿ

ಎಲ್ಲ ಹಳದಿಯೂ ಅಪಾಯವಲ್ಲ. ವಯಸ್ಸಾದ ಒಂದೆರಡು ಎಲೆ ಉದುರುವುದು ಗಿಡದ ಸಹಜ ಧರ್ಮ. ಚಳಿಗಾಲದಲ್ಲಿ ಕರಿಬೇವಿನ ಎಲೆ ಹಳದಿಯಾಗಿ ಉದುರಿದರೂ ಬೆಚ್ಚಗಿನ ದಿನಗಳು ಬಂದೊಡನೆ ಚಿಗುರುತ್ತದೆ. ಬಿಸಿಲಿನಿಂದ ಮನೆಯೊಳಗೆ ತಂದಿಟ್ಟ ಕುಂಡದಲ್ಲಿ ಕೆಳಗಿನ ಎಲೆಗಳು ಹಳದಿಯಾದರೆ ಬೆಳಕಿನ ಕೊರತೆಯಿರಬಹುದು, ಕಿಟಕಿಯ ಬಳಿ ಇಡಿ. ಪೂರ್ತಿ ಹಳದಿಯಾದ ಹಳೆಯ ಎಲೆ ಸಾಮಾನ್ಯವಾಗಿ ಮತ್ತೆ ಹಸಿರಾಗುವುದಿಲ್ಲ. ಮದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಮುಂದೆ ಬರುವ ಎಲೆಗಳಿಂದ ತಿಳಿಯಬೇಕು. ಒಂದು ಬಾರಿಗೆ ಒಂದೇ ಮದ್ದು ಮಾಡಿ, ಎರಡು ವಾರ ಕಾಯಿರಿ.

ಅಂಗಳದಿಂದ ಹೊಲಕ್ಕೆ

ಇಷ್ಟನ್ನು ಮನೆಯ ಒಂದು ಗಿಡಕ್ಕಾಗಿ ಏಕೆ ಹೇಳಬೇಕೆಂದು ಕೆಲವರು ಕೇಳಬಹುದು. ಸುಣ್ಣದ ಮಣ್ಣಿನ ಶೇಂಗಾ ಹಳದಿಯಾದಾಗಲೂ, ನೀರು ನಿಂತ ಗೋವಿನಜೋಳ ಹಳದಿಯಾದಾಗಲೂ ಕೈ ಮೊದಲು ಹೋಗುವುದು ಯೂರಿಯಾ ಚೀಲದ ಕಡೆಗೇ. ಕುಂಡದಲ್ಲಾದರೆ ಒಂದು ಗಿಡ ಹೋಗುತ್ತದೆ. ಹೊಲದಲ್ಲಿ ಗೊಬ್ಬರದ ಹಣ, ಬೆಳೆಯ ಇಳುವರಿ ಎರಡೂ ಹೋಗುತ್ತವೆ. ಮಣ್ಣು ಮುಟ್ಟುವುದು, ಬೇರು ನೋಡುವುದು, ಹಳೆಯ ಎಲೆಯೋ ಚಿಗುರೋ ಎಂದು ಗುರುತಿಸುವುದು, ಎಲೆ ಮಗುಚುವುದು, ಈ ನಾಲ್ಕು ಕೆಲಸಗಳಿಗೆ ಕಾಸಿನ ಖರ್ಚಿಲ್ಲ. ಅನಂತರವೂ ಸಂದೇಹ ಉಳಿದರೆ ಹಳದಿಯಾದ ಎಲೆ, ಚೆನ್ನಾಗಿರುವ ಎಲೆ ಮತ್ತು ಬುಡದ ಮಣ್ಣನ್ನು ಬೇರೆ ಬೇರೆ ಕಟ್ಟಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.

ನಮ್ಮ ಮನೆಯಲ್ಲಿ ಬದುಕಿ ಉಳಿದ ದಾಸವಾಳದ ಕಡ್ಡಿ ಈಗ ಆಳೆತ್ತರದ ಗಿಡವಾಗಿದೆ. ತಾಯಿಯವರು ಪ್ರತಿ ಮಳೆಗಾಲದ ಮೊದಲು ಕುಂಡದ ತೂತಿಗೆ ಕಡ್ಡಿ ತೂರಿಸಿ ನೋಡುತ್ತಾರೆ. ಆ ಗಿಡಕ್ಕೆ ಗೊಬ್ಬರ ಹಾಕಬೇಕಾದರೆ ನಾನು ಇಂದಿಗೂ ಅವರನ್ನು ಕೇಳಿಯೇ ಹಾಕಬೇಕು.