ಕಾರಿನೊಳಗಿನ ಪರಿಮಳ

ಕಾರಿನ ಬಾಗಿಲು ತೆರೆದೊಡನೆ ಘಮ್ಮೆಂದು ಬರುವ ಮಲ್ಲಿಗೆಯ ಅಥವಾ ನಿಂಬೆಯ ಪರಿಮಳ ನಿಮಗೆಲ್ಲ ಪರಿಚಿತವೇ. ಕನ್ನಡಿಗೆ ತೂಗುಬಿಟ್ಟ ರಟ್ಟು, ಎ.ಸಿ. ಕಿಂಡಿಗೆ ಸಿಕ್ಕಿಸಿದ ಪುಟ್ಟ ಸೀಸೆ, ಡ್ಯಾಶ್‌ಬೋರ್ಡಿನ ಮೇಲಿನ ಜೆಲ್ ಡಬ್ಬಿ, ಯಾವುದೇ ಇರಲಿ, ಸಾಮಾನ್ಯವಾಗಿ ಅದು ದುರ್ವಾಸನೆಯನ್ನು ತೆಗೆಯುವುದಿಲ್ಲ. ಅದರ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತದೆ, ಅಷ್ಟೆ. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಜೂಲಿಯಸ್ ಸಾಮನ್ ಎಂಬ ರಸಾಯನವಿಜ್ಞಾನಿ ಮರದಾಕಾರದ ಪರಿಮಳದ ರಟ್ಟನ್ನು ರೂಪಿಸಿದರು. ಚೆಲ್ಲಿದ ಹಾಲಿನ ವಾಸನೆ ತಾಳಲಾರದ ಹಾಲಿನ ಲಾರಿಯ ಚಾಲಕನೊಬ್ಬನ ದೂರೇ ಅದಕ್ಕೆ ಪ್ರೇರಣೆಯೆಂದು ಹೇಳುತ್ತಾರೆ.

ಪರಿಮಳ ಮೂಗಿಗೆ ತಲುಪಬೇಕಾದರೆ ಅದರ ಅಣುಗಳು ಗಾಳಿಗೆ ಸೇರಲೇಬೇಕು. ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್, ಲ್ಯಾವೆಂಡರ್ ಹೂವಿನ ಲಿನಲೂಲ್ ಇಂಥ ಸುಲಭವಾಗಿ ಆವಿಯಾಗುವ ಸಾವಯವ ಸಂಯುಕ್ತಗಳು. ಇನ್ನು ಲೆಕ್ಕ ಮಾಡಿ ನೋಡಿ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿಯಿದ್ದರೆ, ಸಾಧಾರಣ ಕಾರಿನೊಳಗೆ ಇರುವುದು ಸುಮಾರು 3 ಘನ ಮೀಟರ್. ಅಷ್ಟೇ ಆವಿ, ಒಂಬತ್ತನೆಯ ಒಂದು ಪಾಲು ಗಾಳಿ! ಸಾಲದ್ದಕ್ಕೆ ಬಿಸಿಲು. 2005ರಲ್ಲಿ ಪ್ರಕಟವಾದ ಅಮೆರಿಕದ ಅಳತೆಗಳ ಪ್ರಕಾರ, ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರಲ್ಲಿ ಶೇಕಡಾ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ. ಉಷ್ಣತೆ ಏರಿದಂತೆ ಆವಿಯೂ ಹೆಚ್ಚುತ್ತದೆ.

ಲಿಮೊನೀನ್ ಹಾಗೆಯೇ ಉಳಿಯುವುದೂ ಇಲ್ಲ. ವಾಹನದಟ್ಟಣೆಯ ಬಿಸಿಲು ರಸ್ತೆಗಳ ಗಾಳಿಯಲ್ಲಿ ಓಜೋನ್ ಇರುತ್ತದೆ. ಅದರೊಡನೆ ವರ್ತಿಸಿದಾಗ ಲಿಮೊನೀನ್‌ನಿಂದ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಇದನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಹಾಗೆಂದು ಒಂದು ಸೀಸೆ ಪರಿಮಳದಿಂದ ಕ್ಯಾನ್ಸರ್ ಬಂದೇಬಿಡುತ್ತದೆಂದು ಹೆದರಬೇಕಿಲ್ಲ. ಇಲ್ಲಿ ಪ್ರಮಾಣ ಅಲ್ಪ. ಸೀಸೆಯ ಮೇಲಿನ ‘ನೈಸರ್ಗಿಕ’ ಎಂಬ ಮಾತನ್ನು ಮಾತ್ರ ನಂಬಿ ಕೂರಬೇಡಿ. ಹಣ್ಣಿನಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಲಿಮೊನೀನ್ ಅಣು ಒಂದೇ.

ನಿತ್ಯ ಕಾಡುವ ತೊಂದರೆಗಳು ಬೇರೆ: ತಲೆನೋವು, ಕಣ್ಣುರಿ, ವಾಕರಿಕೆ. ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಕೊಠಡಿ ಮತ್ತು ಇತರೆಡೆ ಬಳಸುವ ಇಂಥ ಪರಿಮಳಕಾರಕಗಳಿಂದ ಆರೋಗ್ಯದ ತೊಂದರೆಯಾಗುತ್ತದೆ ಎಂದವರು ಶೇಕಡಾ 20ರಷ್ಟು ಮಂದಿ. ಇದು ಜನರೇ ಹೇಳಿಕೊಂಡ ಮಾತು, ವೈದ್ಯಕೀಯ ತಪಾಸಣೆಯ ಫಲಿತಾಂಶವಲ್ಲ, ಆದರೂ ತಳ್ಳಿಹಾಕುವಂಥದ್ದಲ್ಲ.

ನಮ್ಮ ಮೂಗಿನದು ವಿಚಿತ್ರ ಸ್ವಭಾವ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಸಾಕು, ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಚಿತ್ರೀಕರಣಕ್ಕೆ ನಮ್ಮನ್ನು ಕರೆದೊಯ್ಯುವ ಚಾಲಕರು “ಎಲ್ಲಿ ಸಾರ್ ವಾಸನೆ?” ಎಂದು ಕೇಳುವುದು ಅದಕ್ಕೇ. ಪರಿಮಳ ಹೋಯಿತೆಂದು ಹೊಸ ಸೀಸೆ ತೂಗುಬಿಡುವವರೂ, ದಿನಕ್ಕೆ ಹತ್ತು ಗಂಟೆ ಅದನ್ನೇ ಉಸಿರಾಡುವವರೂ ಅವರೇ.

ಕರ್ಪೂರದ ಬಿಲ್ಲೆ ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ಘನದಿಂದ ನೇರವಾಗಿ ಆವಿಯಾಗುವ ಅದನ್ನು ಮಗು ಮಿಠಾಯಿಯೆಂದು ಬಾಯಿಗೆ ಹಾಕಿಕೊಂಡರೆ, ಸ್ವಲ್ಪವೇ ಆದರೂ ಫಿಟ್ಸ್ ಬರಬಹುದು.

ಶಾಲಾ ವ್ಯಾನಿನಲ್ಲಿ ತಲೆ ಸಿಡಿಯುತ್ತಿದ್ದರೆ ಸೀಸೆಯನ್ನು ತೆಗೆಸಿ. ಹೊರಡುವ ಮುನ್ನ ಎರಡು ನಿಮಿಷ ಬಾಗಿಲುಗಳನ್ನು ತೆರೆದಿಡಲಿ; ಒದ್ದೆಯಾದ ಮ್ಯಾಟು ಬಿಸಿಲಿಗೆ ಬೀಳಲಿ. ಎ.ಸಿ. ಹಾಕಿದಾಗ ಮಾತ್ರ ಮುಗ್ಗಲು ವಾಸನೆ ಬಂದರೆ, ಒಳಗೆ ಬೂಷ್ಟು ಬೆಳೆದಿರುವ ಸಂಭವ ಹೆಚ್ಚು. ಆಗ ನೋಡಬೇಕಾದದ್ದು ಎ.ಸಿ. ಫಿಲ್ಟರನ್ನು.