ಜಂತುಹುಳುವಿನ ಮೊಟ್ಟೆ ಸಾಯುವ ತನಕ

ಬೆಂಗಳೂರಿನ ಪೂರ್ವ ಅಂಚಿನ ಕೆ.ಆರ್. ಪುರ ನಗರಸಭೆಯೂ ಸುತ್ತಲಿನ ಹಳ್ಳಿಗಳೂ 2007ರಲ್ಲಿ ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಸೇರಿದವು. ಮನೆಗಳು ಎದ್ದಷ್ಟು ಬೇಗ ಒಳಚರಂಡಿ (ಯುಜಿಡಿ) ಬರಲಿಲ್ಲ. ಇಲ್ಲದ ಕಡೆ ಮನೆಮುಂದಿನ ಶೌಚದ ಗುಂಡಿಯೇ ಗತಿ. ಅದು ತುಂಬಿದಾಗ ಲಾರಿ ಬರುತ್ತದೆ, ದಪ್ಪ ಪೈಪು ಇಳಿಸಿ ಎಲ್ಲವನ್ನೂ ಹೀರಿಕೊಂಡು ಹೋಗುತ್ತದೆ. ಎಷ್ಟೋ ಸಲ ಆ ಮಲತ್ಯಾಜ್ಯ ಹೋಗಿ ಸೇರುವುದು ಊರಾಚೆಯ ತೆಂಗು, ಬಾಳೆ ತೋಟಗಳನ್ನು. ರೈತರು ಸಾಲುಗಳ ನಡುವೆ ಕಾಲುವೆ ತೋಡಿ ಸುರಿಸಿಕೊಳ್ಳುತ್ತಾರೆ.

ಆ ರೈತರನ್ನು ದೂರುವಂತಿಲ್ಲ. ಒಬ್ಬ ಮನುಷ್ಯನ ವರ್ಷದ ಮೂತ್ರದಲ್ಲೇ ಸುಮಾರು 4 ಕಿಲೋ ಸಾರಜನಕವಿದೆ. ಅಂದರೆ ಎಂಟೊಂಬತ್ತು ಕಿಲೋ ಯೂರಿಯಾದಷ್ಟು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ವಿಜ್ಞಾನಿಗಳು ಮೂತ್ರವನ್ನು ಮೆಕ್ಕೆಜೋಳಕ್ಕೆ ಗೊಬ್ಬರವಾಗಿ ಕೊಟ್ಟು ಪ್ರಯೋಗ ಮಾಡಿದ್ದಾರೆ. ಮೂತ್ರವನ್ನು ಬೇರೆಯಾಗಿ ಹಿಡಿದು, ಮುಚ್ಚಿದ ಡ್ರಮ್ಮಿನಲ್ಲಿ ಆರು ತಿಂಗಳು ಇಟ್ಟರೆ ಅದರಲ್ಲೇ ಹುಟ್ಟುವ ಅಮೋನಿಯಾ ರೋಗಾಣುಗಳನ್ನು ಕೊಲ್ಲುತ್ತದೆ.

ತೊಡಕಿರುವುದು ಮಲದಲ್ಲಿ. ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಬಿಸಿಲಿಗೆ, ಒಣಗುವಿಕೆಗೆ ಬೇಗ ಸೋಲುತ್ತವೆ. ಜಂತುಹುಳುವಿನ ಮೊಟ್ಟೆ ಹಾಗಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಅದರ ಚಿಪ್ಪು ಬಲು ಗಟ್ಟಿ. ತೇವದ, ನೆರಳಿನ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ತೋಟದಲ್ಲಿ ಬರಿಗಾಲಲ್ಲಿ ಆಡಿದ ಮಗು ಕೈ ತೊಳೆಯದೆ ತುತ್ತು ಬಾಯಿಗಿಟ್ಟರೆ ಅದು ಹೊಟ್ಟೆ ಸೇರುತ್ತದೆ, ಹುಳುವಾಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಈ ಮೊಟ್ಟೆಯನ್ನೂ ಅಳತೆಗೋಲಾಗಿಸಿದೆ: ಒಣಗಿದ ಗೊಬ್ಬರದ ಪ್ರತಿ ಗ್ರಾಮಿಗೆ ಒಂದಕ್ಕಿಂತಲೂ ಕಡಿಮೆ ಇರಬೇಕು.

ಮೊಟ್ಟೆಯನ್ನು ಕೊಲ್ಲುವ ಸುಲಭದ ದಾರಿ ಬಿಸಿ. ಅದನ್ನು ಕಾಣಲು ದೇವನಹಳ್ಳಿಗೆ ಹೋಗಬೇಕು. ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ರೂಪಿಸಿದ ಮಲತ್ಯಾಜ್ಯ ಸಂಸ್ಕರಣಾ ಘಟಕ ಅಲ್ಲಿನ ಪುರಸಭೆಯಲ್ಲಿ 2015ರಲ್ಲಿ ಶುರುವಾಯಿತು. ಲಾರಿ ತಂದದ್ದು ಮೊದಲು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆಯುತ್ತದೆ, ಬಳಿಕ ಮರಳು ಜಲ್ಲಿಯ ಹಾಸಿನ ಮೇಲೆ ಹರಡಿಕೊಳ್ಳುತ್ತದೆ. ನೀರು ಕೆಳಗಿಳಿದು ಬೇರೆ ಸಂಸ್ಕರಣೆಗೆ ಹೋಗುತ್ತದೆ. ಮೇಲೆ ಉಳಿಯುವುದು ಬಿರುಕುಬಿಟ್ಟ ಕೆರೆಯಂಗಳದಂಥ ಕಪ್ಪು ಹೆಂಟೆ. ಅದನ್ನು ಪಟ್ಟಣದ ಹಸಿಕಸದ ಜೊತೆ ಬೆರೆಸಿ ರಾಶಿ ಹಾಕುತ್ತಾರೆ. ಸೂಕ್ಷ್ಮಜೀವಿಗಳು ಕಸ ತಿನ್ನುತ್ತಿದ್ದಂತೆ ರಾಶಿ ಒಳಗೇ ಕಾಯುತ್ತದೆ. 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತರೆ ಮೊಟ್ಟೆ ಬದುಕದು. ಹೊರಮೈ ಮಾತ್ರ ತಣ್ಣಗೇ ಇರುತ್ತದಾದ್ದರಿಂದ ರಾಶಿಯನ್ನು ಮಗುಚಿ ಮಗುಚಿ ಹೊರಗಿನದನ್ನು ಒಳಕ್ಕೆ ತರಬೇಕು. ಬೇಸರದ ಕೆಲಸ, ಆದರೆ ಗೊಬ್ಬರದ ಸುರಕ್ಷತೆ ನಿಂತಿರುವುದೇ ಅದರ ಮೇಲೆ.

ಬಚ್ಚಲು, ಅಡುಗೆಮನೆಯ ನೀರಿನ ಲೆಕ್ಕ ಬೇರೆ. ಅದರಲ್ಲಿ ರೋಗಾಣು ಕಡಿಮೆ, ಸೋಪು ಮತ್ತು ಜಿಡ್ಡು ಹೆಚ್ಚು. ಜಿಡ್ಡು ತೆಗೆದು, ಜಲ್ಲಿ ಹಾಸಿನಲ್ಲಿ ಸೋಸಿ ಬಾಳೆಯ ಬುಡಕ್ಕೆ ಬಿಡಬಹುದು; ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗೆ ಬೇಡ. ಮನೆಗಳ ಕೊಳಚೆನೀರೆಲ್ಲ ಒಟ್ಟಾಗಿ ಹರಿದು ಬಂದರೆ ಅದಕ್ಕೆ ದೊಡ್ಡ ಘಟಕವೇ ಬೇಕು. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ ಬೆಂಗಳೂರಿನ ಅಂಥ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬುತ್ತಿದೆ. ಶುದ್ಧೀಕರಣ ಎರಡನೇ ಹಂತಕ್ಕೆ ನಿಲ್ಲದೆ ಮೂರನೇ ಹಂತವೂ ಆಗಲಿ ಎಂಬ ಅಲ್ಲಿನ ಜನರ ಒತ್ತಾಯ ನ್ಯಾಯವಾದದ್ದೇ.

ದೇವನಹಳ್ಳಿ ಘಟಕದ ಸಾಮರ್ಥ್ಯ ದಿನಕ್ಕೆ 6,000 ಲೀಟರ್, ಒಂದೆರಡು ಲಾರಿಯಷ್ಟೇ. ನಗರದ ಪೂರ್ವ ಅಂಚಿಗೂ ಇಂಥವು ಬೇಕು, ಅದೂ ಲಾರಿಯವರಿಗೆ ಹತ್ತಿರದಲ್ಲೇ. ಡೀಸೆಲ್ ಸುಟ್ಟು ದೂರ ಹೋಗಬೇಕೆಂದರೆ ಅವರು ರಾತ್ರಿ ಮಳೆನೀರಿನ ರಾಜಕಾಲುವೆಯತ್ತ ತಿರುಗುತ್ತಾರೆ.