ಮಂದ್ರದ ಪೆಟ್ಟಿಗೆ ಎಲ್ಲಿರಬೇಕು?

ಜಾತ್ರೆಯ ಮೈದಾನದಲ್ಲಿ ವಾದ್ಯಗೋಷ್ಠಿ ನಡೆಯುವಾಗ ಓದುಗರು ಒಮ್ಮೆ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಸಭೆಯ ನಟ್ಟನಡುವೆ ನಿಂತು ಡ್ರಮ್ಮಿನ ಪೆಟ್ಟನ್ನು ಕೇಳಿರಿ. ಎದೆಯೊಳಗೇ ಯಾರೋ ಗುದ್ದಿದಂತಾಗುತ್ತದೆ. ಅಲ್ಲಿಂದ ಮೆಲ್ಲನೆ ಬಲಕ್ಕೆ ಸರಿಯಿರಿ. ಏಳೆಂಟು ಹೆಜ್ಜೆಯೊಳಗೆ ಆ ಗುದ್ದು ಮಾಯ! ಇನ್ನಷ್ಟು ಸರಿದರೆ ಮತ್ತೆ ಪ್ರತ್ಯಕ್ಷ. ಹಾಡುಗಾರನ ಕಂಠ ಮಾತ್ರ ಎಲ್ಲೆಡೆಯೂ ಕೇಳುತ್ತಲೇ ಇರುತ್ತದೆ.

ಇದು ಕಿವಿಯ ದೋಷವಲ್ಲ. ಸಬ್‌ವೂಫರ್ ಎಂಬ ಮಂದ್ರಧ್ವನಿಯ ಪೆಟ್ಟಿಗೆಗಳನ್ನು ರೂಢಿಯಂತೆ ವೇದಿಕೆಯ ಎಡಬಲಗಳಲ್ಲಿ ಇಟ್ಟುದರ ಫಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ಸೆಕೆಂಡಿಗೆ 60 ಬಾರಿ ಕಂಪಿಸುವ ಸ್ವರದ ಒಂದು ಅಲೆ, ಹಾಗಾದರೆ, ಐದೂಮುಕ್ಕಾಲು ಮೀಟರ್ ಉದ್ದ. ಪೆಟ್ಟಿಗೆಗಳ ನಡುವೆ 12 ಮೀಟರ್ ಅಂತರವಿದ್ದು, ನೀವು 20 ಮೀಟರ್ ದೂರದಲ್ಲಿ ನಡುವಿನಿಂದ ಐದು ಮೀಟರ್ ಪಕ್ಕಕ್ಕೆ ಕುಳಿತಿದ್ದೀರೆನ್ನಿ. ಒಂದರ ಧ್ವನಿ ಇನ್ನೊಂದಕ್ಕಿಂತ ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿ ಎರಡೂ ಅಳಿಯುತ್ತವೆ.

ದೂರು ಬಂದೊಡನೆ ಧ್ವನಿಯನ್ನು ಏರಿಸುವುದು, ಇಲ್ಲವೆ ಇನ್ನೆರಡು ಪೆಟ್ಟಿಗೆಗಳನ್ನು ಬಾಡಿಗೆಗೆ ತರುವುದು ವಾಡಿಕೆ. ಎರಡು ಕಡೆಯೂ ಸಮನಾಗಿ ಏರಿದರೆ ಅಳಿವೂ ಹಾಗೆಯೇ ಉಳಿಯುತ್ತದೆ. ನಡುವೆ ಕುಳಿತವರ ಎದೆಬಡಿತ ಮಾತ್ರ ಹೆಚ್ಚುತ್ತದೆ. ಪರಿಹಾರ ಸರಳವಾದುದು: ಪೆಟ್ಟಿಗೆಗಳನ್ನೆಲ್ಲ ವೇದಿಕೆಯ ಮುಂದೆ, ನಡುವೆ, ನೆಲದ ಮೇಲೆ ಒತ್ತಾಗಿ ಜೋಡಿಸುವುದು. ಆಗ ಅವು ಒಂದೇ ಪೆಟ್ಟಿಗೆಯಂತೆ ನುಡಿಯುತ್ತವೆ. ಆದರೆ ಆ ಸ್ಥಳದ ಮೇಲೆ ಹೂಕುಂಡಗಳಿಗೂ ಛಾಯಾಗ್ರಾಹಕರಿಗೂ ಮೊದಲೇ ಕಣ್ಣಿರುತ್ತದೆ. ವ್ಯವಸ್ಥಾಪಕರನ್ನು ಒಪ್ಪಿಸುವುದೇ ಭೌತಶಾಸ್ತ್ರಕ್ಕಿಂತ ಕಷ್ಟ.

ಇನ್ನು ಕಾಲದ ಹೊಂದಾಣಿಕೆ. ಮುಖ್ಯ ಸ್ಪೀಕರುಗಳು ಸಬ್‌ವೂಫರುಗಳಿಗಿಂತ ಎರಡು ಮೀಟರ್ ಹಿಂದಿದ್ದರೆ ಅವುಗಳ ಧ್ವನಿ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಇಬ್ಬರ ಕೆಲಸವೂ ಕೂಡುವುದು ಸೆಕೆಂಡಿಗೆ 85 ಕಂಪನಗಳ ಆಸುಪಾಸಿನಲ್ಲಾದರೆ, ಆ ತಡವೇ ಅಲ್ಲಿ ಅರ್ಧ ಅಲೆ! ಪ್ರೊಸೆಸರಿನಲ್ಲಿ ಸಬ್‌ವೂಫರನ್ನು ಅಷ್ಟೇ ತಡೆದರೆ ಜೋಡಿ ಕೂಡುತ್ತದೆ. ಅದಕ್ಕೂ ಮುಂಚೆ ತಂತಿಗಳು ತಿರುವುಮುರುವಾಗಿಲ್ಲವೆಂದು ನೋಡಿಕೊಳ್ಳಬೇಕು. ಭಾಷಣದ ಮೈಕನ್ನು ಮಂದ್ರದ ಪೆಟ್ಟಿಗೆಗೆ ಕಳುಹಿಸಲೇಬಾರದು. ಉಸಿರೂ ಗಾಳಿಯೂ ಗುಡುಗಾಗುತ್ತವೆ. ಡ್ರಮ್, ಬೇಸ್ ಗಿಟಾರ್, ಮೃದಂಗದ ಎಡಭಾಗ ಇಷ್ಟಕ್ಕೆ ಅದು ಸಾಕು.

ಮಂದ್ರಧ್ವನಿ ಹಿಂದಕ್ಕೂ ಅಷ್ಟೇ ಬಲವಾಗಿ ಹೋಗುತ್ತದೆಂಬುದನ್ನು ಹಲವರು ಮರೆಯುತ್ತಾರೆ. ಅದು ವೇದಿಕೆಯ ಮೇಲಿನ ಮೈಕುಗಳನ್ನು ಹೊಕ್ಕು ಹೂಂಕರಿಸುತ್ತದೆ. ಗೋಡೆ ದಾಟಿ, ಹಿಂದಿನ ಬೀದಿಯಲ್ಲಿ ಮಲಗಿರುವ ರೋಗಿಯ ಮಂಚವನ್ನೂ ಮುಟ್ಟುತ್ತದೆ. ಇದಕ್ಕೂ ಉಪಾಯವುಂಟು. ಮುಂದಿನ ಪೆಟ್ಟಿಗೆಯ ಹಿಂದೆ ಸುಮಾರು 1.4 ಮೀಟರ್ ದೂರದಲ್ಲಿ ಇನ್ನೊಂದನ್ನಿಟ್ಟು, ಅದರ ಧ್ವನಿಯನ್ನು ತಲೆಕೆಳಗು ಮಾಡಿ 4 ಮಿಲಿಸೆಕೆಂಡ್ ತಡೆಯುವುದು. 60 ಕಂಪನಗಳ ಸುತ್ತಿನಲ್ಲಿ ಎರಡೂ ಮುಂದಕ್ಕೆ ಕೂಡುತ್ತವೆ, ಹಿಂದಕ್ಕೆ ಅಳಿಯುತ್ತವೆ. ನಮ್ಮನ್ನು ಕಾಡಿದ ಅದೇ ಅಳಿವು ಇಲ್ಲಿ ನೆರೆಯವರ ನಿದ್ರೆಯನ್ನು ಕಾಯುತ್ತದೆ.

ಜನ ಬರುವ ಮೊದಲೇ ಒಂದು ಬೇಸ್ ಸ್ವರವನ್ನು ಹಿಡಿದಿಟ್ಟು, ಕೊನೆಯ ಸಾಲಿನ ಕೊನೆಯ ಕುರ್ಚಿಯವರೆಗೂ ಒಮ್ಮೆ ನಡೆದು ಬರಬೇಕು. ಮಿಕ್ಸರಿನ ಮುಂದೆ ಕುಳಿತವನಿಗೆ ಆ ಕುರ್ಚಿ ಕೇಳಿಸುವುದಿಲ್ಲ.